ಮೊದಲು ಗಣಿತದ ಮೇಷ್ಟ್ರಿಗೆ ಸಂಬಳ ಕೊಡಿ

ಬಂಟ್ವಾಳ ಕಡೆಯ ಒಂದು ಸರ್ಕಾರಿ ಶಾಲೆಯಲ್ಲಿ ನಾನು ಗಣಿತ ಟೀಚರ್. ಬೆಳಿಗ್ಗೆ ಗೇಟಿನ ಹತ್ತಿರ ನಿಂತರೆ ಮದರಸಾ ಮುಗಿಸಿ ಓಡಿ ಬರುವ ಮಕ್ಕಳು ಕಾಣುತ್ತಾರೆ. ಅದರಲ್ಲೊಬ್ಬ ಹುಡುಗ ಬಿಳಿ ಟೊಪ್ಪಿಯನ್ನು ನೀಟಾಗಿ ಮಡಚಿ ಕಂಪಾಸ್ ಬಾಕ್ಸಿನೊಳಗೆ ಇಡುತ್ತಿದ್ದ. ಟೊಪ್ಪಿಗೆ ಜಾಗ ಬೇಕಲ್ವಾ, ಹಾಗಾಗಿ ಕೋನಮಾಪಕ ಮನೆಯಲ್ಲೇ ಉಳಿಯುತ್ತಿತ್ತು. ನಾನು ಮೇಜಿನ ಡ್ರಾವರಿನಲ್ಲಿ ಅವನಿಗಂತಲೇ ಒಂದು ಇಟ್ಟುಕೊಂಡಿದ್ದೆ.

ನಮ್ಮ ಕರಾವಳಿಯಲ್ಲಿ, ಕೇರಳದಲ್ಲಿ ಹೆಚ್ಚಿನ ಮಕ್ಕಳಿಗೆ ಮದರಸಾ ಅಂದ್ರೆ ಇಷ್ಟೇ. ಬೆಳಿಗ್ಗೆ ಸ್ವಲ್ಪ ಹೊತ್ತು ಉಸ್ತಾದರ, ಅಂದ್ರೆ ಮದರಸಾ ಗುರುಗಳ ಹತ್ತಿರ, ಆಮೇಲೆ ಎಲ್ಲರ ಜೊತೆ ಶಾಲೆ. ಆದರೆ ಉತ್ತರ ಪ್ರದೇಶದಲ್ಲಿ ಎಷ್ಟೋ ಮಕ್ಕಳಿಗೆ ಮದರಸಾನೇ ಶಾಲೆ. ಅಲ್ಲಿಯ ಸುದ್ದಿಯನ್ನು ಇಲ್ಲಿ ಫಾರ್ವರ್ಡ್ ಮಾಡುವವರು ಈ ವ್ಯತ್ಯಾಸ ನೋಡುವುದೇ ಇಲ್ಲ. ಇನ್ನೊಂದು ಮಾತು. ಮುಸ್ಲಿಮರ ಸ್ಥಿತಿಗತಿ ನೋಡಲು ಕೇಂದ್ರ ನೇಮಿಸಿದ್ದ ಸಾಚಾರ್ ಸಮಿತಿ 2006ರಲ್ಲೇ ಹೇಳಿತ್ತು: ಶಾಲೆಗೆ ಹೋಗುವ ವಯಸ್ಸಿನ ಮುಸ್ಲಿಂ ಮಕ್ಕಳಲ್ಲಿ ಮದರಸಾದಲ್ಲಿ ಓದುವವರು ನೂರಕ್ಕೆ ಸುಮಾರು 3 ಮಂದಿ ಮಾತ್ರ.

ಆ 3 ಮಂದಿಯ ವಿಷಯವೇ ನನ್ನನ್ನು ಕಾಡುತ್ತದೆ. 2024ರ ಮಾರ್ಚ್‌ನಲ್ಲಿ ಅಲಹಾಬಾದ್ ಹೈಕೋರ್ಟ್ ಉತ್ತರ ಪ್ರದೇಶದ ಮದರಸಾಗಳನ್ನು ಒಂದು ಮಂಡಳಿಯ ಕೆಳಗೆ ತಂದಿದ್ದ 2004ರ ಮದರಸಾ ಕಾಯ್ದೆಯನ್ನೇ ರದ್ದು ಮಾಡಿತು. ಸುಮಾರು 17 ಲಕ್ಷ ಮಕ್ಕಳು ನಡುನೀರಿನಲ್ಲಿ. ನವೆಂಬರ್ 5ಕ್ಕೆ ಸುಪ್ರೀಂ ಕೋರ್ಟ್ ಕಾಯ್ದೆಯನ್ನು ಉಳಿಸಿತು. ಮದರಸಾ ನಡೆಸುವ ಹಕ್ಕು ಸಮುದಾಯಕ್ಕಿದೆ, ಮಕ್ಕಳು ಸರಿಯಾಗಿ ಕಲಿಯುತ್ತಿದ್ದಾರಾ ಅಂತ ನೋಡುವ ಅಧಿಕಾರ ಸರ್ಕಾರಕ್ಕಿದೆ ಎಂದಿತು. ಕಾಮಿಲ್, ಫಾಜಿಲ್ ಎಂಬ ಉನ್ನತ ಪದವಿಗಳನ್ನು ಮಾತ್ರ ಮದರಸಾ ಮಂಡಳಿ ಕೊಡುವಂತಿಲ್ಲ, ಅದು ವಿಶ್ವವಿದ್ಯಾಲಯ ಪದವಿಗಳ ನಿಯಮ ಹೇಳುವ ಯುಜಿಸಿ ಕಾಯ್ದೆಗೆ ವಿರುದ್ಧ ಎಂದಿತು. ನನಗೆ ಈ ತೀರ್ಪು ಸರಿ ಅನ್ನಿಸಿತು.

ಆದರೆ ನೋಡುವುದು ಅಂದ್ರೆ ಏನು? ಮಗುವಿಗೆ ಭಾಗಾಕಾರ ಬರುತ್ತದಾ ಅಂತ ನೋಡಬೇಕಾದರೆ ಮೊದಲು ಅದನ್ನು ಕಲಿಸುವ ಮೇಷ್ಟ್ರು ಬೇಕು. ಅದಕ್ಕೂ ಒಂದು ಯೋಜನೆ ಇತ್ತು. ಮದರಸಾಗಳಲ್ಲಿ ಗಣಿತ, ವಿಜ್ಞಾನ, ಇಂಗ್ಲಿಷ್ ಕಲಿಸುವವರಿಗೆ ಕೇಂದ್ರದಿಂದ ಗೌರವಧನ. ಪದವಿ ಆದವರಿಗೆ ತಿಂಗಳಿಗೆ 6,000 ರೂಪಾಯಿ, ಸ್ನಾತಕೋತ್ತರ ಅಥವಾ ಬಿ.ಎಡ್. ಆದವರಿಗೆ 12,000. ಉತ್ತರ ಪ್ರದೇಶ ಸರ್ಕಾರ ಮೇಲೆ ಎರಡು ಮೂರು ಸಾವಿರ ಸೇರಿಸುತ್ತಿತ್ತು. ಕೇಂದ್ರದ ದುಡ್ಡು ವರ್ಷಗಟ್ಟಲೆ ಬಾಕಿ ಬಿತ್ತು. ಆಮೇಲೆ ಯೋಜನೆಯೇ ನಿಂತಿತು. 2024ರ ಜನವರಿಯಲ್ಲಿ ರಾಜ್ಯದ ಪಾಲೂ ನಿಂತಿತು. ಸುಮಾರು 21,000 ಶಿಕ್ಷಕರು. ಇವರಲ್ಲಿ ಹಿಂದೂಗಳೂ ಇದ್ದರು.

ನಾನೂ ಅತಿಥಿ ಶಿಕ್ಷಕಿಯಾಗಿದ್ದವಳು. ನಾಲ್ಕು ತಿಂಗಳು ಗೌರವಧನ ಬಾರದೆ ಬಸ್ ಚಾರ್ಜಿಗೆ ಅಕ್ಕನ ಮುಂದೆ ಕೈ ಚಾಚಿದ್ದೇನೆ. ಪಾಠ ಮಾಡುವಾಗಲೂ ತಲೆಯಲ್ಲಿ ಅದೇ ಲೆಕ್ಕ. ವರ್ಷಗಟ್ಟಲೆ ಹೀಗೆ ಬದುಕಿದವರನ್ನು ನೆನೆದರೆ ಹೊಟ್ಟೆ ಉರಿಯುತ್ತದೆ. 'ಮದರಸಾದಲ್ಲಿ ವಿಜ್ಞಾನ ಕಲಿಸಲ್ಲ' ಅಂತ ಭಾಷಣ ಮಾಡುವವರು ವಿಜ್ಞಾನದ ಮೇಷ್ಟ್ರ ಸಂಬಳ ಯಾಕೆ ನಿಲ್ಲಿಸಿದರು ಅಂತ ಹೇಳಲೇಬೇಕು.

ಸಮುದಾಯದ ಹಿರಿಯರಿಗೂ ನನ್ನದೊಂದು ದೂರಿದೆ. ಶಿಕ್ಷಣ ಹಕ್ಕು ಕಾಯ್ದೆಗೆ 2012ರಲ್ಲಿ ತಿದ್ದುಪಡಿ ಬಂದು ಮದರಸಾ, ವೇದಪಾಠಶಾಲೆಗಳು ಅದರ ಹೊರಗೆ ಉಳಿದವು. ಆಗ ಅದನ್ನು ಗೆಲುವು ಅಂದುಕೊಂಡವರು ಜಾಸ್ತಿ. ಆದರೆ ಕಳೆದುಕೊಂಡದ್ದು ಮಗು. ಎಷ್ಟು ಮಕ್ಕಳಿಗೆ ಎಷ್ಟು ಶಿಕ್ಷಕರು, ಕೊಠಡಿ, ಶೌಚಾಲಯ, ಹೊಡೆಯಬಾರದು ಅನ್ನುವ ನಿಯಮ, ಇದೆಲ್ಲ ಧರ್ಮಕ್ಕೆ ಏನು ಅಡ್ಡ ಬರುತ್ತದೆ? ಕುರ್‌ಆನ್ ಪಾಠದ ಪಕ್ಕದಲ್ಲೇ ಹತ್ತನೇ ಕ್ಲಾಸಿನ ಗಣಿತ ಪುಸ್ತಕವೂ ಇರಲಿ ಅಂತ ಮದರಸಾ ಕಮಿಟಿಯವರೇ ಎದ್ದು ಕೇಳಬೇಕು. ನಮ್ಮ ಕರಾವಳಿಯ ಉಸ್ತಾದರು ಮಕ್ಕಳನ್ನು ಹೊತ್ತಿಗೆ ಸರಿಯಾಗಿ ಶಾಲೆಗೆ ಬಿಡುತ್ತಾರೆ. ಅದರಿಂದ ಯಾರ ದೀನೂ, ಅಂದ್ರೆ ಧರ್ಮನಿಷ್ಠೆಯೂ, ಕಡಿಮೆಯಾದದ್ದನ್ನು ನಾನು ಕಂಡಿಲ್ಲ.

2025ರಲ್ಲಿ ಉತ್ತರ ಪ್ರದೇಶದ ಶ್ರಾವಸ್ತಿ ಜಿಲ್ಲೆಯಲ್ಲಿ ಮಾನ್ಯತೆ ಇಲ್ಲದ ಮದರಸಾಗಳಿಗೆ ಬೀಗ ಜಡಿದರು. ಬೀಗ ಹಾಕಲು ಒಂದು ಜೀಪು, ಇಬ್ಬರು ಅಧಿಕಾರಿಗಳು ಸಾಕು. ಅಷ್ಟೇ ಅವಸರದಲ್ಲಿ ಒಬ್ಬ ಶಿಕ್ಷಕರನ್ನೂ ಕಳಿಸಬಹುದಲ್ವಾ? ಬೀಗ ಬೀಳುವ ಮೊದಲು ಆ ಮಕ್ಕಳೆಲ್ಲರ ಹೆಸರು ಹತ್ತಿರದ ಶಾಲೆಯ ಹಾಜರಿ ಪುಸ್ತಕಕ್ಕೆ ಏರಬೇಕು. ಮರುದಿನ ಬೆಳಿಗ್ಗೆ ಹೆಸರು ಕೂಗಿದಾಗ ಅಲ್ಲಿ ಕೂತ ಮಗು 'ಹಾಜರ್' ಅನ್ನಬೇಕು.