ಒತ್ತಿದರೆ ಕುಂಯ್, ಬಿಟ್ಟರೆ ಕುಂಯ್

ಮೊನ್ನೆ ಎರಡನೇ ಸಿಗ್ನಲ್‌ನಲ್ಲಿ ನಿಂತಾಗ ಎಣಿಸಲು ಶುರು ಮಾಡಿದೆ. ಆಫೀಸು ಮುಟ್ಟುವಷ್ಟರಲ್ಲಿ 62 ಕುಂಯ್. ಕಾರಿನ ಕ್ಲಚ್ ಒತ್ತಿದರೆ ಒಂದು, ಬಿಟ್ಟರೆ ಇನ್ನೊಂದು. ಫಸ್ಟು, ಸೆಕೆಂಡು, ಮತ್ತೆ ಫಸ್ಟು ಅಂತ ಟ್ರಾಫಿಕ್ಕಿನಲ್ಲಿ ತೆವಳುವವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಇಲಿಮರಿಯ ಬಾಲ ತುಳಿದ ಹಾಗೆ. ಪ್ರತಿ ಸಲ ತುಳಿಯುವವಳೂ ನಾನೇ.

ಮೆಕ್ಯಾನಿಕ್ ಹತ್ತಿರ ಹೋದೆ. ಅವನು ಪೆಡಲ್ ಮೇಲೆ ಕಾಲಿಟ್ಟದ್ದೇ ತಡ, ಕಾರು ಮೌನವ್ರತ ಹಿಡಿಯಿತು. ಹತ್ತು ಸಲ ಒತ್ತಿದ. ಉಸಿರಿಲ್ಲ. ಕೊನೆಗೆ ನಾನೇ ಬಾಯಲ್ಲಿ ‘ಕುಂಯ್’ ಅಂತ ಮಾಡಿ ತೋರಿಸಿದೆ. ಪಕ್ಕದಲ್ಲಿ ಟಯರು ಬಿಚ್ಚುತ್ತಿದ್ದ ಹುಡುಗ ತಲೆ ತಗ್ಗಿಸಿ ನಕ್ಕ. “ಗೇರ್‌ಬಾಕ್ಸ್ ಇಳಿಸಿ ನೋಡಬೇಕು ಮೇಡಂ.” ಬೇಡಪ್ಪ ಅಂತ ಹೊರಟೆ. ಗೇಟು ದಾಟಿದೆನೋ ಇಲ್ಲವೋ, ಕುಂಯ್!

ನಮ್ಮವರ ಹತ್ತಿರ ಎಲ್ಲ ಸದ್ದಿಗೂ ಒಂದೇ ಔಷಧ: ರೇಡಿಯೊ ಜೋರು ಮಾಡುವುದು. “ಈಗ ಕೇಳಿಸ್ತಾ? ಇಲ್ಲ ಅಲ್ವಾ? ಸರಿಹೋಯ್ತು.”

ಕೊನೆಗೆ ನಾನೇ ಕೂತು ವಿಷಯ ತಿಳಿದುಕೊಂಡೆ. ಎಂಜಿನ್ ಆಫ್ ಮಾಡಿ ಪೆಡಲ್ ಒತ್ತಬೇಕು. ಆಗಲೂ ಕಿರುಗುಟ್ಟಿದರೆ ಮೊದಲ ಅನುಮಾನ ಪೆಡಲಿನ ಪಿನ್ನು, ಅದರ ಸುತ್ತ ಕೂರುವ ಬಳೆಯಂಥ ಬುಷ್ಷು, ಸ್ಪ್ರಿಂಗಿನ ಮೇಲೆ. ಎಂಜಿನ್ ಓಡುವಾಗ ಮಾತ್ರ, ಕ್ಲಚ್ ಒತ್ತಿದಾಗ ಗೊರಗುಟ್ಟಿದರೆ, ಒಳಗೆ ಕ್ಲಚ್ಚನ್ನು ಬಿಡಿಸುವ ರಿಲೀಸ್ ಬೇರಿಂಗ್ ಇರಬಹುದು. ಅದಕ್ಕೆ ಗೇರ್‌ಬಾಕ್ಸ್ ಇಳಿಸಬೇಕಾಗುತ್ತದೆ. ನನ್ನದು ಆಫ್ ಇದ್ದಾಗಲೂ ಕುಂಯ್. ಆ ಸದ್ದನ್ನು ಖುಷಿಯಿಂದ ಕೇಳಿದ್ದು ಅದೊಂದೇ ಸಲ.

ಮನೆಯಲ್ಲಿದ್ದ, ತುಕ್ಕು ಬಿಡಿಸುವ ತೆಳು ಸ್ಪ್ರೇ ಹೊಡೆದೆ. ನಾಲ್ಕು ದಿನ ಸುಮ್ಮನಿತ್ತು. ಸ್ಪ್ರೇ ಆರಿತು, ಸದ್ದು ವಾಪಸ್ ಬಂತು. ಒಣಗಿದ ಬುಷ್ಷು ಪಿನ್ನನ್ನು ಹಿಡಿಯುತ್ತದೆ, ಬಿಡುತ್ತದೆ, ಮತ್ತೆ ಹಿಡಿಯುತ್ತದೆ. ಕಣ್ಣು ಮಿಟುಕಿಸುವಷ್ಟರಲ್ಲಿ ಎಷ್ಟೋ ಸಲ. ಪಿಟೀಲಿನ ಕಮಾನು ತಂತಿಗೆ ಮಾಡುವುದೂ ಇದನ್ನೇ. ಅದನ್ನು ಟಿಕೆಟ್ ತಗೊಂಡು ಹೋಗಿ ಕೇಳುತ್ತೇವೆ.

ಹಾಗಾಗಿ ಭಾನುವಾರ ಕಾರಿನ ಬಾಗಿಲು ತೆಗೆದು, ಬೆನ್ನು ಹೊಸ್ತಿಲ ಮೇಲೆ, ಕಾಲು ನೆಲದ ಮೇಲೆ, ತಲೆ ಸ್ಟಿಯರಿಂಗ್ ಕೆಳಗೆ ತೂರಿಸಿ ಮಲಗಿದೆ. ಬಾಯಲ್ಲಿ ಟಾರ್ಚು. ಸದ್ದಿನ ಜಾಗ ಹುಡುಕಬೇಕಾದರೆ ಯಾರಾದರೂ ಪೆಡಲ್ ಒತ್ತುತ್ತಿರಬೇಕು. ಅಲ್ಲಿ ಇನ್ನೊಂದು ಕಾಲಿಗೆ ಜಾಗವೆಲ್ಲಿ? ನಮ್ಮವರು ಪಕ್ಕದ ಸೀಟಿನಲ್ಲಿ ಕೂತು, ಮಡಚಿದ ಕೊಡೆ ಚಾಚಿ ಒತ್ತಿದರು. ಐಡಿಯಾ ಅವರದೇ. ಹೆಮ್ಮೆಯೂ ಅವರದೇ.

“ಒತ್ತಿ” ಅಂದೆ. ಟಾರ್ಚು ಬಾಯಲ್ಲಿದ್ದದ್ದರಿಂದ “ಒಹ್ಹಿ” ಎಂದಾಯಿತು. “ಏನಂದೆ?” “ಒಹ್ಹಿ!” “ಎತ್ತಬೇಕಾ?” ನಾನು ಕಾಲು ಝಾಡಿಸಿದೆ. ಅವರಿಗೆ ಏನರ್ಥವಾಯಿತೋ, ಕೊಡೆಯನ್ನು ಎರಡೂ ಕೈಯಲ್ಲಿ ಬಿಗಿಯಾಗಿ ಹಿಡಿದು ಒತ್ತಿದರು. ಪೆಡಲಿನ ಜೊತೆ ಕೊಡೆಯ ಬಟನ್ನೂ ಒತ್ತಿಹೋಯಿತು.

ಕಾರಿನೊಳಗೆ ಕೊಡೆ ಬಿಚ್ಚಿಕೊಂಡರೆ ಅದಕ್ಕೆ ಹೋಗಲು ಬೇರೆ ದಾರಿಯಿಲ್ಲ, ನನ್ನ ಮುಖದ ಮೇಲೆಯೇ ಬರಬೇಕು. ಟಾರ್ಚು ಬಿತ್ತು. ಮೊಣಕೈ ಹಾರ್ನಿಗೆ ಬಡಿಯಿತು. ಪಕ್ಕದ ಮನೆಯವರು ಬಾಲ್ಕನಿಯಿಂದ ಬಗ್ಗಿ ನೋಡಿದರು. ಬಿಸಿಲಲ್ಲಿ, ಕಾರಿನೊಳಗೆ, ಕೊಡೆ ಹಿಡಿದ ಗಂಡ. ಬಾಗಿಲಾಚೆ ಒದ್ದಾಡುವ ಎರಡು ಕಾಲು. “ಏನಾದ್ರೂ ಸಹಾಯ ಬೇಕಾ?” ಅಂದರು. ನಮ್ಮವರು, “ಏನಿಲ್ಲ, ಸುಮ್ನೆ ಕ್ಲಚ್ ನೋಡ್ತಿದೀವಿ” ಅಂದರು.

ಕೊಡೆ ಮಡಚುವ ತನಕ ನಾನು ಅಲ್ಲೇ ಬಿದ್ದಿದ್ದೆ. ಟಾರ್ಚು ಪೆಡಲ್ ಕಡೆ ಉರುಳಿತ್ತು. ಅದರ ರಬ್ಬರನ್ನು ಅಷ್ಟು ಹತ್ತಿರದಿಂದ ನಾನೆಂದೂ ನೋಡಿರಲಿಲ್ಲ. ಬಲ ಅಂಚಿನ ಗೆರೆಗಳು ಹಾಗೇ ಇವೆ. ಎಡ ಅಂಚು ಮಾತ್ರ ಸವೆದು ನುಣುಪಾಗಿದೆ, ಸರಿಯಾಗಿ ನನ್ನ ಪಾದದ ಅಗಲಕ್ಕೆ. 12 ವರ್ಷ. ಮಗಳನ್ನು ಸ್ಕೂಲಿಗೆ ಬಿಟ್ಟದ್ದು, ರಾತ್ರಿ ಅಪ್ಪನನ್ನು ಆಸ್ಪತ್ರೆಗೆ ಕರೆದೊಯ್ದದ್ದು, ಎಲ್ಲ ಅಷ್ಟಗಲದಲ್ಲಿ. ಮಗಳು ಈಗ ಓಡಿಸುವ ಕಾರಿಗೆ ಕ್ಲಚ್ ಪೆಡಲ್ಲೇ ಇಲ್ಲ.

“ಬದುಕಿದೀಯಾ?” ಅಂದರು ಇವರು.

ಸಿಕ್ಕಿತು ಕಳ್ಳ: ಒಣಗಿ ಬೆಳ್ಳಗಾದ, ಗುಂಡಿಯಷ್ಟಗಲದ ಪ್ಲಾಸ್ಟಿಕ್ ಬುಷ್ಷು. ಒರೆಸಿ ಸಿಲಿಕೋನ್ ಗ್ರೀಸ್ ಹಚ್ಚಿದೆ, ಹೆಸರುಕಾಳಿನಷ್ಟು. ಒತ್ತಿದೆ. ಬಿಟ್ಟೆ. ನಿಶ್ಶಬ್ದ.

ಇವತ್ತು ಬೆಳಿಗ್ಗೆ ಇಬ್ಬರೂ ಹೊರಟೆವು. ಮೊದಲ ಸಿಗ್ನಲ್, ಸದ್ದಿಲ್ಲ. ಎರಡನೇ ಸಿಗ್ನಲ್‌ನಲ್ಲಿ ಡ್ಯಾಶ್‌ಬೋರ್ಡಿನ ಒಳಗೆಲ್ಲೋ ಟಕ್. ಟಕ್ ಟಕ್.

“ಇದೇನ್ರೀ?”

“ಅದಾ? ಅದು ಯಾವಾಗಿಂದಲೂ ಇತ್ತು ಕಣೇ. ಕುಂಯ್‌ನಲ್ಲಿ ಕೇಳಿಸ್ತಿರಲಿಲ್ಲ” ಅನ್ನುತ್ತಾ ರೇಡಿಯೊ ಕಡೆ ಕೈ ಚಾಚಿದರು.