ಪೊರಕೆ ಹೋಗುವಷ್ಟು ಎತ್ತರ

ಕೆತ್ತನೆಯ ಕುರ್ಚಿ ಮಾಡಿಸುವುದು ಸುಲಭ. ಹೂವು ಬೇಕೋ, ಬಳ್ಳಿ ಬೇಕೋ, ನವಿಲು ಬೇಕೋ ಎಂದು ಕೇಳುತ್ತಾರೆ. ನೀವು ನವಿಲು ಎನ್ನುತ್ತೀರಿ. ಮುಂದಿನದನ್ನೆಲ್ಲ ನವಿಲೇ ನೋಡಿಕೊಳ್ಳುತ್ತದೆ. ಕಾಲು ತುಸು ದಪ್ಪಗಾಗಿರಲಿ, ಕೂಡು ತುಸು ಬಾಯಿ ಬಿಟ್ಟಿರಲಿ, ನೋಡಿದವರ ಕಣ್ಣು ಗರಿಯ ಮೇಲೆಯೇ ನಿಂತಿರುತ್ತದೆ. ಅದರ ಬದಲು "ಏನೂ ಬೇಡ, ಸಾದಾ ಬೆಂಚು ಸಾಕು" ಎಂದು ಹೇಳಿ ನೋಡಿ. ತಕರಾರು ಶುರುವಾಗುವುದೇ ಅಲ್ಲಿಂದ.

ಜಗಲಿಗೆ ಹಲಸಿನ ಮರದ ಬೆಂಚೊಂದು ಬೇಕೆಂದು ಹೋದಾಗ ನಮ್ಮೂರಿನ ಆಚಾರಿಯವರು ಮೊದಲು ಕೇಳಿದ್ದು ಉದ್ದವನ್ನಲ್ಲ, ಅಗಲವನ್ನಲ್ಲ. "ಮನೆಯಲ್ಲಿ ಗುಡಿಸುವವರು ಯಾರು?" ಎಂದರು. ಬೆಂಚಿಗೂ ಕಸಕ್ಕೂ ಏನು ನಂಟು ಎಂದು ನಾನು ಯೋಚಿಸುತ್ತಿರುವಾಗಲೇ ವಿವರಿಸಿದರು. ಕಾಲುಗಳ ನಡುವಿನ ಅಡ್ಡಪಟ್ಟಿಯನ್ನು ಕೆಳಗೆ ಕೊಟ್ಟರೆ ಬೆಂಚು ಅಲುಗುವುದಿಲ್ಲ, ಆದರೆ ಪೊರಕೆಗೆ ಅಡ್ಡ ಬರುತ್ತದೆ. ಮೇಲೆ ಕೊಟ್ಟರೆ ಪೊರಕೆ ಸರಾಗವಾಗಿ ಆಚೆ ದಾಟುತ್ತದೆ, ಆದರೆ ಕಾಲಿನ ಮರ ದಪ್ಪ ಬೇಕು. "ಗುಡಿಸುವವರನ್ನು ಕೇಳಿಕೊಂಡು ಬನ್ನಿ, ಸ್ವಾಮಿ. ಆಮೇಲೆ ಮರ ಕೊಯ್ಯೋಣ." ಕೇಳಿಕೊಂಡು ಬಂದೆ. ಪಟ್ಟಿ ಮೇಲಕ್ಕೆ ಹೋಯಿತು.

ಪೊರಕೆಯನ್ನು ಇಷ್ಟು ಗಂಭೀರವಾಗಿ ತೆಗೆದುಕೊಂಡವರು ಇವರೊಬ್ಬರೇ ಅಲ್ಲ. ಅಮೆರಿಕದಲ್ಲಿ ಶೇಕರ್ ಎಂಬ ಪಂಥವಿತ್ತು. 1774ರಲ್ಲಿ ಆನ್ ಲೀ ಎಂಬ ಮಹಿಳೆಯ ಹಿಂದೆ ಇಂಗ್ಲೆಂಡಿನಿಂದ ಹಡಗು ಹತ್ತಿ ಬಂದ ಚಿಕ್ಕ ಗುಂಪಿನಿಂದ ಬೆಳೆದದ್ದು. ಮದುವೆಯಿಲ್ಲ, ಸ್ವಂತ ಆಸ್ತಿಯಿಲ್ಲ, ಅನವಶ್ಯಕ ಅಲಂಕಾರವಂತೂ ಇಲ್ಲವೇ ಇಲ್ಲ. ಅವರ ಕೋಣೆಗಳ ಗೋಡೆಗೆ ಸುತ್ತಲೂ ಮರದ ಪಟ್ಟಿ, ಪಟ್ಟಿಯ ತುಂಬ ಗೂಟಗಳು. ಗುಡಿಸುವ ಹೊತ್ತಿಗೆ ಕುರ್ಚಿಗಳನ್ನೆಲ್ಲ ಎತ್ತಿ ಆ ಗೂಟಗಳಿಗೆ ನೇತುಹಾಕಿಬಿಡುತ್ತಿದ್ದರು, ಎಷ್ಟೋ ಸಲ ತಲೆಕೆಳಗಾಗಿ, ಕೂರುವ ಜಾಗದಲ್ಲಿ ಧೂಳು ಬೀಳದಂತೆ. ಹಾಗೆ ನೇತುಹಾಕಬೇಕೆಂದರೆ ಕುರ್ಚಿ ಒಂದೇ ಕೈಗೆ ಬರುವಷ್ಟು ಹಗುರವಾಗಿರಬೇಕು. ಆದ್ದರಿಂದ ಸಣ್ಣ ಕಾಲು, ಬೆನ್ನಿಗೆ ಮೂರ್ನಾಲ್ಕು ತೆಳು ಪಟ್ಟಿ, ಕೂರಲು ಬಟ್ಟೆಯ ಪಟ್ಟಿಗಳ ಹೆಣಿಗೆ. ಇಂದು ವಸ್ತುಸಂಗ್ರಹಾಲಯಗಳಲ್ಲಿ ಜನ ಬೆರಗಾಗಿ ನೋಡುವ ಆ ಸರಳತೆಯಲ್ಲಿ ದೇವರ ಪಾಲು ಎಷ್ಟೋ, ಪೊರಕೆಯ ಪಾಲೂ ಅಷ್ಟೇ ಇರಬಹುದೆಂದು ನನ್ನ ಗುಮಾನಿ.

ಈ ಶೇಕರರ ಬಗ್ಗೆ ನನಗೆ ನಿಜವಾದ ಪ್ರೀತಿ ಹುಟ್ಟಿದ್ದು ಇನ್ನೊಂದು ಕಾರಣಕ್ಕೆ. ಕುರ್ಚಿಯ ಮುಂಗಾಲೆತ್ತಿ ಹಿಂದಕ್ಕೆ ವಾಲುವುದು ಮನುಷ್ಯನ ಹುಟ್ಟುಗುಣ. "ವಾಲಬೇಡವೋ, ಕಾಲು ಮುರಿದೀತು" ಎಂಬ ಗದರಿಕೆ ಕೇಳದೆ ದೊಡ್ಡವರಾದವರು ನಮ್ಮಲ್ಲಿ ಯಾರಿದ್ದಾರೆ? ಅಷ್ಟು ಕಟ್ಟುನಿಟ್ಟಿನ ಶೇಕರರೂ ವಾಲುತ್ತಿದ್ದರು! ನೆಲಕ್ಕೆ ಗೀರು ಬೀಳುತ್ತಿತ್ತು. ಅವರು ವಾಲುವುದನ್ನು ನಿಷೇಧಿಸಬಹುದಿತ್ತು. ಎಷ್ಟೋ ನಿಷೇಧಗಳ ನಡುವೆ ಇದೊಂದು ಹೆಚ್ಚಾಗುತ್ತಿರಲಿಲ್ಲ. ಬದಲಿಗೆ ಹಿಂಗಾಲುಗಳ ತುದಿಯನ್ನು ಗುಂಡಗೆ ತೋಡಿ, ಅದರೊಳಗೆ ಅಡಿಭಾಗ ಚಪ್ಪಟೆಯಾದ ಮರದ ಗುಂಡೊಂದನ್ನು ಕಟ್ಟಿ ಕೂರಿಸಿದರು. ಕುರ್ಚಿ ವಾಲಿದರೂ ಗುಂಡಿನ ಚಪ್ಪಟೆ ತಳ ನೆಲದ ಮೇಲೆ ಹಾಗೆಯೇ ನಿಲ್ಲುತ್ತದೆ. 1852ರಲ್ಲಿ ಜಾರ್ಜ್ ಓಡಾನೆಲ್ ಎಂಬ ಶೇಕರ್ ಇದರ ಲೋಹದ ರೂಪಕ್ಕೆ ಪೇಟೆಂಟನ್ನೂ ಪಡೆದರು. ದೂರದಿಂದ ಕಣ್ಣಿಗೂ ಬೀಳದ ಆ ಗುಂಡಿನಲ್ಲಿ ಎಷ್ಟು ಕರುಣೆ ಇದೆಯೆಂದರೆ, ನಮ್ಮ ಶಾಲೆಯ ಮೇಷ್ಟ್ರುಗಳಿಗೆಲ್ಲ ಒಂದೊಂದು ತರಿಸಿಕೊಡಬೇಕಿತ್ತು.

ನಮ್ಮ ಬೆಂಚಿಗೆ ಮರಳುತ್ತೇನೆ. ಕಾಲು ಮೇಲಿನಿಂದ ಕೆಳಕ್ಕೆ ಸಣ್ಣಗಾಗುತ್ತ ಬರಲಿ ಎಂದು ನಾನು ಹೇಳಿದ್ದೆ. ಆಚಾರಿಯವರು ರದ್ದಿ ಮರದಲ್ಲಿ ಎರಡು ಕಾಲುಗಳನ್ನು ಮಾಡಿ ಪಕ್ಕಪಕ್ಕ ನಿಲ್ಲಿಸಿದರು. ಒಂದನ್ನು ನಾಲ್ಕೂ ಕಡೆಯಿಂದ ಹತ್ತರಿ ಹಿಡಿದು ಸಣ್ಣಗೆ ಮಾಡಿದ್ದರು. ಇನ್ನೊಂದನ್ನು ಒಳಗಿನ ಎರಡು ಮೈಗಳಲ್ಲಿ ಮಾತ್ರ. ಅಳೆದು ನೋಡಿದರೆ ಕೆಳತುದಿ ಎರಡರದ್ದೂ ಒಂದೇ. ಆದರೆ ನಾಲ್ಕೂ ಕಡೆ ಕೆರೆದದ್ದು ತುದಿಗಾಲಲ್ಲಿ ನಿಂತು ಅಟ್ಟದ ಡಬ್ಬಿಗೆ ಕೈಚಾಚುವ ಹುಡುಗನ ಹಾಗೆ ಕಂಡಿತು. ಈಗ ಬಿದ್ದೀತು ಎಂಬ ಆತಂಕ. ಹೊರಮೈಯನ್ನು ನೆಟ್ಟಗೆ ಬಿಟ್ಟು ಒಳಗಿನಿಂದ ಮಾತ್ರ ಕೆರೆದದ್ದು ಹಗುರವಾಗಿಯೂ ಇತ್ತು, ಊರಿಕೊಂಡೂ ಇತ್ತು. ಇನ್ನೂ ಒಂದು ಗುಟ್ಟು: ಆ ಇಳಿಜಾರು ಕಾಲಿನ ನೆತ್ತಿಯಿಂದ ಶುರುವಾಗುವುದಿಲ್ಲ. ಅಡ್ಡಪಟ್ಟಿಯ ತುದಿಯನ್ನು ತೆಳ್ಳಗೆ ಕೊರೆದು ಕಾಲಿನ ಚೌಕ ತೂತಿಗೆ ಇಳಿಸುವ ಜಾಗವಿದೆಯಲ್ಲ, ಅದು ದಾಟಿದ ಮೇಲೆ ಶುರು. ಕೂಡಿಗೆ ಪೂರ್ತಿ ಮರ ಸಿಗಬೇಕು.

ಹಲಗೆಯ ಅಂಚಿನಲ್ಲೂ ಇಂಥದ್ದೇ ಒಂದು ಕಣ್ಕಟ್ಟು. ಒಂದೂಕಾಲು ಇಂಚಿನ ಹಲಗೆ. ಅಂಚಿನ ಕೆಳಮೈಯನ್ನು ಓರೆಯಾಗಿ ಹೆರೆದರೆ ನಿಂತು ನೋಡುವವರಿಗೆ ಮುಕ್ಕಾಲು ಇಂಚಿನಂತೆ ಕಾಣುತ್ತದೆ. ಇದು ಮೋಸವಲ್ಲವೇ ಎಂದು ಕೇಳಬಹುದು. ಆ ಓರೆಯಲ್ಲಿ ಬೆರಳುಗಳು ಹೋಗಿ ಕೂರುತ್ತವೆ, ಬೆಂಚನ್ನು ಎತ್ತಿ ಅಂಗಳಕ್ಕೆ ಒಯ್ಯಲು ಹಿಡಿತ ಸಿಗುತ್ತದೆ. ಇಷ್ಟು ಉಪಕಾರವಿರುವ ಮೋಸಕ್ಕೆ ನನ್ನ ಒಪ್ಪಿಗೆಯಿದೆ.

ಮಲೆನಾಡಿನಲ್ಲಿ ಮರ ಕೊಯ್ದ ಮೇಲೂ ಸುಮ್ಮನಿರುವುದಿಲ್ಲ. ಆಷಾಢದಲ್ಲಿ ಅಂಟಿಕೊಂಡು ಎಳೆದರೂ ಬಾರದ ಮೇಜಿನ ಡ್ರಾಯರ್ ಚೈತ್ರದಲ್ಲಿ ತಾನಾಗಿ ಜಾರಿ ಬರುತ್ತದೆ. ತೇವ ಕುಡಿದ ಮರ ಎಳೆಗಳ ಉದ್ದಕ್ಕೆ ಬೆಳೆಯುವುದು ಇಲ್ಲವೆನ್ನುವಷ್ಟು ಕಡಿಮೆ, ಹಿಗ್ಗುವುದೆಲ್ಲ ಅಡ್ಡಕ್ಕೆ. ಅಗಲದ ಹಲಗೆಯನ್ನು ಚೌಕಟ್ಟಿಗೆ ಗಟ್ಟಿಯಾಗಿ ಜಡಿದುಬಿಟ್ಟರೆ ಬೇಸಿಗೆಯಲ್ಲಿ ಕುಗ್ಗಲು ಜಾಗವಿಲ್ಲದೆ ಸೀಳುತ್ತದೆ. ಅದಕ್ಕೇ ತಿಳಿದವರು ಸ್ಕ್ರೂ ಕೂರುವ ತೂತನ್ನು ಗುಂಡಗೆ ಕೊರೆಯದೆ ಉದ್ದುದ್ದ ಕೊರೆಯುತ್ತಾರೆ. ಇದೆಲ್ಲ ಹಲಗೆಯ ಅಡಿಯಲ್ಲಿ, ಮಗ್ಗುಲಾಗಿ ಮಲಗಿದರೆ ಮಾತ್ರ ಕಾಣುವಲ್ಲಿ.

ಅಲಂಕಾರದ ಮೇಲೆ ನನಗೆ ಹಗೆಯಿಲ್ಲ. ಮೈಸೂರಿನ ಬೀಟೆ ಮರದ ಹಲಗೆಯಲ್ಲಿ ಬೇರೆ ಬೇರೆ ಬಣ್ಣದ ಮರದ ಚೂರುಗಳನ್ನು ಕೂರಿಸಿ ಆನೆಯನ್ನೂ ಕಾಡನ್ನೂ ಬಿಡಿಸುವವರ ಮುಂದೆ ತಲೆ ಬಾಗುತ್ತೇನೆ. ನನ್ನ ಮಾತು ಇಷ್ಟೇ: ಸಾದಾ ಎಂಬುದು ಕೆಲಸ ಕಡಿಮೆ ಮಾಡಿದ್ದರ ಗುರುತಲ್ಲ, ಮರೆ ಇಲ್ಲದ್ದರ ಗುರುತು. ಡೆನ್ಮಾರ್ಕಿನ ಹಾನ್ಸ್ ವೆಗ್ನರ್‌ಗೆ ಈ ಕಷ್ಟ ಗೊತ್ತಿತ್ತು. 1949ರಲ್ಲಿ ಅವರು ರೂಪಿಸಿದ ದುಂಡು ಬೆನ್ನಿನ ಕುರ್ಚಿಯಲ್ಲಿ ತೋಳೂ ಬೆನ್ನೂ ಸೇರುವ ಕೂಡು ಅವರಿಗೇ ಸರಿಬರಲಿಲ್ಲ. ಮೊದಲು ಅದರ ಮೇಲೆ ಬೆತ್ತ ಸುತ್ತಿ ಮುಚ್ಚಿದರು. ಆಮೇಲೆ ಹಲ್ಲುಹಲ್ಲಾಗಿ ಕೊರೆದು ಒಂದರೊಳಗೊಂದು ಸೇರಿಸುವ ಕೂಡನ್ನು ಕಂಡುಕೊಂಡರು, ಬೆತ್ತ ಬಿಚ್ಚಿದರು. ಆ ಅಂಕುಡೊಂಕು ಗೆರೆಯೇ ಕುರ್ಚಿಯ ಏಕೈಕ ಆಭರಣವಾಯಿತು. 1960ರಲ್ಲಿ ಕೆನಡಿ ಮತ್ತು ನಿಕ್ಸನ್ ಟಿ.ವಿ. ಚರ್ಚೆಗೆ ಕೂತದ್ದು ಅದೇ ಕುರ್ಚಿಯಲ್ಲಿ. ಯಾರು ಏನು ಹೇಳಿದರೆಂದು ಈಗ ಎಷ್ಟು ಜನರಿಗೆ ನೆನಪಿದೆಯೋ, ಬಡಗಿಗಳಿಗೆ ಕುರ್ಚಿಯಂತೂ ನೆನಪಿದೆ.

ಬೆಂಚು ಮನೆಗೆ ಬಂದ ದಿನ ಪಕ್ಕದ ಮನೆಯ ರಾಯರು ಸುತ್ತ ಬಂದು ನೋಡಿದರು. ಬೆಲೆ ಕೇಳಿದರು. "ಇಷ್ಟಕ್ಕೆ ನವಿಲು ಬರುತ್ತಿತ್ತಲ್ಲ!" ಎಂದರು. ಆಮೇಲೆ ಅದರ ಮೇಲೆ ಕೂತು ಎರಡು ಲೋಟ ಕಾಫಿ ಕುಡಿದು ಪಂಚಾಯಿತಿ ರಾಜಕೀಯ ಮುಗಿಸಿಯೇ ಎದ್ದರು, ಅದನ್ನು ನಾನು ಮೆಚ್ಚುಗೆಯೆಂದೇ ಬರೆದುಕೊಂಡಿದ್ದೇನೆ.

ಉಳಿದಿರುವುದು ಮೈಗೆ ಏನು ಹಚ್ಚಬೇಕೆಂಬ ಪ್ರಶ್ನೆ. ಹಲಸು ಹೊಸದರಲ್ಲಿ ಅರಿಸಿನದ ಬಣ್ಣ, ವರ್ಷ ಕಳೆದಂತೆ ತಾನೇ ಕೆಂಪಗಾಗುತ್ತ ಕಂದಾಗುತ್ತದೆ; ಬರಿಯ ಎಣ್ಣೆ ಒರೆಸಿ ಬಿಡೋಣ ಎಂಬುದು ನನ್ನ ವಾದ. ಫಳಫಳ ಹೊಳೆಯುವ ಪಾಲಿಶ್ ಇಲ್ಲದಿದ್ದರೆ ಕೆಲಸ ಅರ್ಧಕ್ಕೆ ಬಿಟ್ಟಂತೆ ಕಾಣುತ್ತದೆ ಎಂಬುದು, ಆಶ್ಚರ್ಯವೆಂದರೆ, ಆಚಾರಿಯವರ ವಾದ. ನಡುವೆ ನಮ್ಮ ಅತ್ತೆಯವರು ಬೆಂಚನ್ನು ಅಂಗಳಕ್ಕೆ ಹೊರಿಸಿ, ಮೇಲೆ ಪಂಚೆ ಹಾಸಿ ಹಲಸಿನಕಾಯಿ ಹಪ್ಪಳ ಒಣಗಿಸಲು ಶುರುಮಾಡಿದ್ದಾರೆ. ಹಪ್ಪಳಕ್ಕೆ ವಾಸನೆ ಹತ್ತುತ್ತದೆ, ಮಳೆ ಹಿಡಿಯುವವರೆಗೆ ಎಣ್ಣೆಯೂ ಇಲ್ಲ, ಪಾಲಿಶೂ ಇಲ್ಲ ಎಂದು ಅವರ ತೀರ್ಪಾಗಿದೆ. ಮೇಲ್ಮನವಿಗೆ ಅವಕಾಶ ಕಾಣುತ್ತಿಲ್ಲ.