ಅತಿಥಿ ಜಿಂಕೆಗೆ ರಕ್ಷಣೆ, ಮನೆಯ ಹಕ್ಕಿಗೆ ವರ್ಗಾವಣೆ

ಅಂಡಮಾನ್-ನಿಕೋಬಾರ್ ದ್ವೀಪಸಮೂಹದ ಗ್ರೇಟ್ ನಿಕೋಬಾರ್‌ನಲ್ಲಿ ಸುಮಾರು 130 ಚದರ ಕಿಲೋಮೀಟರ್ ಮಳೆಕಾಡನ್ನು ಬಂದರು, ವಿಮಾನ ನಿಲ್ದಾಣ, ಪಟ್ಟಣ ಕಟ್ಟುವ ಯೋಜನೆಗೆ ಒಪ್ಪಿಸಿ, ಅದಕ್ಕೆ ಪರಿಹಾರವಾಗಿ ಹರಿಯಾಣದಲ್ಲಿ ಸಸಿ ನೆಡುತ್ತಾರೆಂಬ ಸುದ್ದಿಗೆ ನಕ್ಕವರು ನಮ್ಮ ಆಡಳಿತದ ಭೂಗೋಳಜ್ಞಾನವನ್ನು ಪೂರ್ತಿ ಅರಿತವರಲ್ಲ. ದ್ವೀಪಗಳ ವಿಷಯದಲ್ಲಿ ಈ ಜ್ಞಾನಕ್ಕೆ ದೊಡ್ಡ ಪರಂಪರೆಯೇ ಇದೆ.

ಅಂಡಮಾನಿಗೆ ಚುಕ್ಕೆ ಜಿಂಕೆಯನ್ನು ತಂದವರು ಬ್ರಿಟಿಷರು. ತಿನ್ನಲು ಹುಲಿ ಚಿರತೆಗಳಿಲ್ಲದ ನೆಲದಲ್ಲಿ ಅದು ದ್ವೀಪದಿಂದ ದ್ವೀಪಕ್ಕೆ ಈಜಿ ಹಬ್ಬಿತು, ಎಳೆಯ ಸಸಿಗಳನ್ನು ಮೇಯ್ದು ಕಾಡಿನ ಮುಂದಿನ ಪೀಳಿಗೆಯನ್ನೇ ನುಂಗತೊಡಗಿತು. 1972ರ ವನ್ಯಜೀವಿ ಕಾಯ್ದೆಯಾದರೋ ಮುಖ್ಯಭೂಮಿಯ ಜಿಂಕೆಗೆ ಕೊಟ್ಟ ರಕ್ಷಣೆಯನ್ನು ಈ ಅತಿಥಿಗೂ ದಯಪಾಲಿಸಿದೆ. ಅಂಡಮಾನಿನದೇ ಇಂಟರ್‌ವ್ಯೂ ದ್ವೀಪದ ಕಥೆ ಇನ್ನೂ ರಸವತ್ತಾಗಿದೆ. ಅಲ್ಲಿ ಮರ ಕಡಿಯುತ್ತಿದ್ದ ಕಂಪನಿಯೊಂದು 1962ರ ಹೊತ್ತಿಗೆ ದಿವಾಳಿಯೆದ್ದು, ದಿಮ್ಮಿ ಎಳೆಯಲು ತಂದಿದ್ದ ಸುಮಾರು 40 ಆನೆಗಳನ್ನು ಅಲ್ಲೇ ಬಿಟ್ಟು ಹೊರಟಿತು. ಸಾಲ ಕೊಟ್ಟವರು ಯಾರೂ ಅವನ್ನು ಜಪ್ತಿ ಮಾಡಲು ದೋಣಿ ಹತ್ತಿ ಬಂದಂತಿಲ್ಲ. ಕಂಪನಿಯ ಲೆಕ್ಕ ಮುಗಿಯಿತು, ಆನೆಗಳ ಊಟ ಮುಗಿಯಲಿಲ್ಲ. ಜಿಂಕೆಯೂ ಆನೆಯೂ ಸೇರಿ ಮೇಯ್ದಲ್ಲಿ ಕೆಳಹಂತದ ಗಿಡಗಳು ವಿರಳವಾಗಿ, ಅವುಗಳನ್ನೇ ನಂಬಿದ ಸ್ಥಳೀಯ ಹಲ್ಲಿಗಳೂ ಕಡಿಮೆಯಾಗುತ್ತಿವೆ ಎಂದು ಸಂಶೋಧಕರು ತೋರಿಸಿದ್ದಾರೆ. ಹಲ್ಲಿಯ ಪರವಾಗಿ ಮೊರೆಯಿಡುವವರು ಯಾರು?

ಹೊರಗಿನಿಂದ ಬಂದವರನ್ನು ಕದಲಿಸಲಾಗದ ಆಡಳಿತ ದ್ವೀಪದ ಮೂಲ ಜೀವಿಗಳ ವಿಷಯದಲ್ಲಿ ಮಾತ್ರ ಬಹಳ ಚುರುಕು. ಲೆದರ್‌ಬ್ಯಾಕ್ ಕಡಲಾಮೆ ಮೊಟ್ಟೆಯಿಡುವ ಗ್ರೇಟ್ ನಿಕೋಬಾರಿನ ಗಲಾಥಿಯಾ ಕೊಲ್ಲಿಯ ಅಭಯಾರಣ್ಯವನ್ನು ಬಂದರಿಗಾಗಿ ರದ್ದುಗೊಳಿಸಿದ್ದು 2021ರಲ್ಲಿ. ಅದೇ ವರ್ಷ ಹೊರಬಂದ ಕಡಲಾಮೆಗಳ ರಾಷ್ಟ್ರೀಯ ಕ್ರಿಯಾಯೋಜನೆ ಆ ಕೊಲ್ಲಿಯನ್ನು ಮುಖ್ಯ ತಾಣವೆಂದು ಗುರುತಿಸಿತು. ಪರ್ಯಾಯವಾಗಿ ಆಮೆಗೆ ಲಿಟಲ್ ನಿಕೋಬಾರನ್ನೂ ಅಲ್ಲೇ ನೆಲೆಸಿದ ಮೆಗಾಪೋಡ್ ಹಕ್ಕಿಗೆ ಮೆಂಚಾಲ್ ದ್ವೀಪವನ್ನೂ ತೋರಿಸಲಾಗಿದೆ. ಮಣ್ಣು, ತರಗೆಲೆಗಳ ದಿಬ್ಬ ಕಟ್ಟಿ ಅದರ ಶಾಖದಲ್ಲೇ ಮರಿ ಮಾಡುವ ಈ ಹಕ್ಕಿ ವರ್ಗಾವಣೆಯ ಆದೇಶವನ್ನು ಓದಿ, ದಿಬ್ಬವನ್ನು ಹೆಗಲಿಗೇರಿಸಿ ಹೊರಡುತ್ತದೆ ಎಂಬ ನಂಬಿಕೆಗೆ ನಮಸ್ಕಾರ.

ನಗುವುದೂ ಸಾಕಾಗಿದೆ. ನಿಕೋಬಾರ್ ಬಿಟ್ಟರೆ ಜಗತ್ತಿನಲ್ಲಿ ಬೇರೆಲ್ಲೂ ಇಲ್ಲದ ಹಕ್ಕಿ ಅದು. 2004ರ ಸುನಾಮಿಯಲ್ಲಿ ಅದರ ಕರಾವಳಿಯ ದಿಬ್ಬಗಳು ಅಪಾರವಾಗಿ ಕೊಚ್ಚಿಹೋದವು. ಅಲೆಯಿಂದ ಉಳಿದದ್ದನ್ನು ನಾವು ಸಹಿ ಹಾಕಿ ಕಳೆಯುತ್ತಿದ್ದೇವೆ. ಜಗತ್ತಿನ ಎಷ್ಟೋ ದ್ವೀಪಗಳಿಗೆ ಮೊಟ್ಟೆ ತಿನ್ನುವ ಇಲಿಗಳು ಹಡಗುಗಳಲ್ಲೇ ಬಂದವೆಂದು ತಿಳಿದೂ, ನೆಲದಲ್ಲಿ ಮೊಟ್ಟೆಯಿಡುವ ಹಕ್ಕಿಯ ಅಂಗಳದಲ್ಲೇ ಬಂದರು ಕಟ್ಟಲು ಹೊರಟಿದ್ದೇವೆ, ಅದಕ್ಕೆ ‘ಸಂರಕ್ಷಣೆಯ ಷರತ್ತುಗಳೊಂದಿಗೆ’ ಎಂದು ಬರೆಯುತ್ತಿದ್ದೇವೆ.